ಕಾಣದ ದನದ ಹರಾಜು

ದನ ಕೊಳ್ಳಲು ಜಾತ್ರೆಗೆ ಹೋದ ರೈತನು ಬೆಲೆಯ ಮಾತನ್ನು ಮೊದಲು ಎತ್ತುವುದಿಲ್ಲ. ಹೋರಿಯ ಸುತ್ತ ಎರಡು ಸಲ ಬರುತ್ತಾನೆ; ಬಾಯಿ ತೆರೆಸಿ ಹಲ್ಲು ನೋಡುತ್ತಾನೆ; ಸುಳಿ ಯಾವುದೆಂದು ವಿಚಾರಿಸುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊನವಿದೆಯೇ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದಮೇಲೆ ದಲ್ಲಾಳಿಯು ನಡುವೆ ಬಂದು, ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಸೂಚಿಸುತ್ತಾನೆ. ಬಾಲ್ಯದಲ್ಲಿ ತಂದೆಯವರೊಡನೆ ಜಾತ್ರೆಗೆ ಹೋದಾಗ, ಆ ವಸ್ತ್ರದ ಕೆಳಗೆ ಏನು ನಡೆಯುತ್ತಿದೆಯೆಂದು ಬಗ್ಗಿ ನೋಡಲು ಹೋಗಿ ನಾನು ಬೈಸಿಕೊಂಡದ್ದುಂಟು. ದನವು ಎಲ್ಲರ ಕಣ್ಣಿಗೂ ಬೀಳಬೇಕು, ಬೆಲೆಯು ಮಾತ್ರ ಯಾರ ಕಣ್ಣಿಗೂ ಬೀಳಬಾರದು ಎಂಬುದು ಆ ವ್ಯಾಪಾರದ ರೀತಿ.

ಇದಕ್ಕೆ ತೀರ ವಿರುದ್ಧವಾದ ಒಂದು ದನದ ಸಂತೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದುಬಂದಿದೆ. ಅಲ್ಲಿ ಬೆಲೆಯನ್ನು ಎಲ್ಲರೂ ಕೇಳುತ್ತಾರೆ. ದನವನ್ನು ಮಾತ್ರ ಕೊಳ್ಳುವವರು ಎದುರಿಗೆ ಕಂಡಿರುವುದಿಲ್ಲ. ಅದು ನೂರಾರು ಮೈಲಿಗಳಾಚೆ ತನ್ನ ಹುಲ್ಲುಗಾವಲಿನಲ್ಲಿಯೇ ಮೇಯುತ್ತಿರುತ್ತದೆ. ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವವನನ್ನು ಕಂಡು ನಮ್ಮವರು ನಗುತ್ತಾರೆ. ಅಂತಹ ವ್ಯಾಪಾರವು ಅಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಹೇಗೆ ನಡೆದುಬಂದಿದೆ, ಅದರಿಂದ ಯಾರಿಗೆ ಲಾಭವಾಯಿತು, ಯಾರು ಹಿಂದುಳಿದರು ಎಂಬುದು ತಿಳಿಯತಕ್ಕ ಸಂಗತಿಯಾಗಿದೆ.

ಮೊಂಟಾನ, ವಯೋಮಿಂಗ್, ನೆಬ್ರಾಸ್ಕ, ನೆವಾಡ ಮೊದಲಾದ ಪಶ್ಚಿಮದ ರಾಜ್ಯಗಳಲ್ಲಿ ಮಳೆ ಕಡಿಮೆ, ಜನವಸತಿಯೂ ವಿರಳ. ಉಳುಮೆಗೆ ಒದಗದ ವಿಸ್ತಾರವಾದ ಹುಲ್ಲುನೆಲದಲ್ಲಿ ದನಗಳನ್ನು ಮೇಯಿಸಿ ಬದುಕುವ ಹಿಡುವಳಿಗಳಿಗೆ ಅಲ್ಲಿ ‘ರ‍್ಯಾಂಚ್’ ಎಂದು ಹೆಸರು. ಇವು ಉಳುವ ಎತ್ತುಗಳಲ್ಲ, ಹಾಲು ಕರೆಯುವ ಹಸುಗಳೂ ಅಲ್ಲ; ಮಾಂಸಕ್ಕಾಗಿ ಸಾಕಿದ ದನಗಳು. ನಮ್ಮ ರೂಢಿಗೆ ಇದು ದೂರವಾದ ವಿಷಯವಾದರೂ, ಅಲ್ಲಿಯ ಒಕ್ಕಲಿನ ಕಷ್ಟಸುಖಗಳು ನಮಗೆ ಅರ್ಥವಾಗದವೇನಲ್ಲ. ಚಳಿಗಾಲದ ಕೊನೆಯಲ್ಲಿ ಮತ್ತು ವಸಂತದಲ್ಲಿ ಕರುಗಳು ಹುಟ್ಟುತ್ತವೆ. ಬೇಸಿಗೆಯೆಲ್ಲ ತಾಯಿಯ ಹಾಲು ಕುಡಿದು, ಹುಲ್ಲು ಮೇಯ್ದು, ಅಕ್ಟೋಬರ್ ಹೊತ್ತಿಗೆ 500ರಿಂದ 600 ಪೌಂಡು, ಎಂದರೆ ಸುಮಾರು 225ರಿಂದ 270 ಕಿಲೋಗ್ರಾಂ ತೂಗುತ್ತವೆ. ಆಗ ತಾಯಿಯಿಂದ ಅಗಲಿಸಿ ಮಾರುತ್ತಾರೆ. ಕೊಂಡವರು ಅವನ್ನು ಕಾನ್ಸಾಸ್, ನೆಬ್ರಾಸ್ಕ, ಟೆಕ್ಸಾಸ್ ಕಡೆಯ ದೊಡ್ಡ ದೊಡ್ಡಿಗಳಲ್ಲಿ ಕೂಡಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ರ‍್ಯಾಂಚಿನ ಸಂಸಾರಕ್ಕೆ ಬಹುಮಟ್ಟಿಗೆ ವರ್ಷಕ್ಕೆ ಒಂದೇ ಬೆಳೆ, ಒಂದೇ ಮಾರಾಟ. ಬ್ಯಾಂಕಿನ ಸಾಲ, ಹುಲ್ಲಿನ ಖರ್ಚು, ಮಕ್ಕಳ ಓದು ಎಲ್ಲವೂ ಆ ಒಂದು ದಿನ ದೊರೆಯುವ ಬೆಲೆಯನ್ನು ನೆಚ್ಚಿಕೊಂಡಿರುತ್ತವೆ.

ಹಿಂದೆ ಆ ದಿನವು ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವರ್ತಕನು ಕಾನ್ಸಾಸಿನ ಆಬಿಲೀನ್ ಎಂಬಲ್ಲಿ ರೈಲುಹಾದಿಯ ಪಕ್ಕಕ್ಕೆ ದನದ ದೊಡ್ಡಿಗಳನ್ನು ಕಟ್ಟಿಸಿದನು. ಟೆಕ್ಸಾಸಿನಿಂದ ತಿಂಗಳುಗಟ್ಟಲೆ ನಡೆಸಿಕೊಂಡು ಬಂದ ಮಂದೆಗಳು ಅಲ್ಲಿ ರೈಲು ಹತ್ತಿ ಪೂರ್ವಕ್ಕೆ ಸಾಗಿದವು. ಅವುಗಳಲ್ಲಿ ಬಹುಪಾಲು ಸೇರುತ್ತಿದ್ದುದು ಷಿಕಾಗೊ ನಗರದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಮಹಾ ದೊಡ್ಡಿಯನ್ನು. 1865ರ ಡಿಸೆಂಬರ್ 25ರಂದು ತೆರೆದ ಆ ಮಾರುಕಟ್ಟೆಯು ಮುಚ್ಚಿದ್ದು 1971ರಲ್ಲಿ. ದೂರದ ಒಕ್ಕಲಿಗನು ತನ್ನ ದನಗಳನ್ನು ರೈಲಿಗೆ ಹತ್ತಿಸಿ ಅಲ್ಲಿಗೆ ಕಳುಹಿಸುತ್ತಿದ್ದನು. ದಾರಿಯಲ್ಲಿ ನೀರು ಮೇವುಗಳ ಕೊರತೆಯಿಂದ ಅವು ಇಳಿದುಹೋಗುತ್ತಿದ್ದವು. ತಲುಪಿದ ದಿನ ಬೆಲೆ ಕುಸಿದಿದ್ದರೆ ಅವನು ಮಾಡುವುದೇನು? ಕಾದಿರೋಣವೆಂದರೆ ದೊಡ್ಡಿಯ ಬಾಡಿಗೆ, ದೊಡ್ಡಿಯವರೇ ಮಾರುವ ಹುಲ್ಲಿನ ಬೆಲೆ ಏರುತ್ತಿತ್ತು. ಹಿಂದಕ್ಕೆ ಒಯ್ಯೋಣವೆಂದರೆ ರೈಲಿನ ಕೂಲಿ ಮತ್ತೊಮ್ಮೆ ತೆರಬೇಕು. ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆ ಬಿಟ್ಟು ಬಂದ ದನಕ್ಕೆ ‘ಈ ಬೆಲೆಗೆ ಕೊಡೆ’ ಎನ್ನುವ ಶಕ್ತಿ ಅದರ ಒಡೆಯನಲ್ಲಿ ಉಳಿದಿರಲಿಲ್ಲ.

ಲಾರಿಗಳು ಹೆಚ್ಚಿದಂತೆ ಷಿಕಾಗೊವಿನ ದಾರಿ ತಪ್ಪಿತು. ಊರೂರಿನ ಬಳಿಯಲ್ಲಿ ಹರಾಜಿನ ಕೊಟ್ಟಿಗೆಗಳು ಎದ್ದವು. ವಾರಕ್ಕೊಮ್ಮೆ ಅಲ್ಲಿ ಸಂತೆ. ನಡುವೆ ಮರಳು ಅಥವಾ ಮರದ ಹೊಟ್ಟು ಹಾಸಿದ ಅಂಗಣ. ಸುತ್ತ ಮೆಟ್ಟಿಲು ಮೆಟ್ಟಿಲಾದ ಪೀಠಗಳು. ಎತ್ತರದಲ್ಲಿ ಕುಳಿತು ಉಸಿರು ಕಟ್ಟುವಂತೆ ಅಂಕಿಗಳನ್ನು ಕೂಗುವ ಹರಾಜುಗಾರ. ಇದು ಹಿಂದಿನದಕ್ಕಿಂತ ಎಷ್ಟೋ ಮೇಲು. ಆದರೂ ಕರುಗಳನ್ನು ತಾಯಿಯಿಂದ ಬಿಡಿಸಿ, ಲಾರಿಗೆ ತುಂಬಿ, ಬೇರೆ ಬೇರೆ ಮಂದೆಗಳ ನಡುವೆ ಒಂದು ರಾತ್ರಿ ನಿಲ್ಲಿಸಿದಾಗ ಅವು ಬೆದರಿ ತೂಕ ಕಳೆದುಕೊಳ್ಳುತ್ತವೆ. ಒಂದರ ಕೆಮ್ಮು ಮತ್ತೊಂದಕ್ಕೆ ಹತ್ತುತ್ತದೆ. ಪ್ರಯಾಣದ ಆಯಾಸದಿಂದ ಬರುವ ಶ್ವಾಸಕೋಶದ ಬೇನೆಗೆ ಅಲ್ಲಿ ‘ಸಾಗಣೆಯ ಜ್ವರ’ ಎಂದೇ ಹೆಸರುಂಟು. ಅಲ್ಲದೆ, ಆ ದಿನ ಅಲ್ಲಿಗೆ ಬಂದು ಕುಳಿತ ನಾಲ್ಕಾರು ವರ್ತಕರಷ್ಟೇ ಕೊಳ್ಳುವವರು. ಬೆಲೆ ಸಾಲದೆಂದು ಕರುಗಳನ್ನು ಮರಳಿ ಮನೆಗೆ ಒಯ್ಯುವವರು ಇಲ್ಲವೆಂದಲ್ಲ. ಹಾಗೆ ಒಯ್ದಾಗ ಆಗುವ ನಷ್ಟವನ್ನು ಎಣಿಸಿ ಬಹಳ ಮಂದಿ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ.

ದನವನ್ನು ಮನೆಯಲ್ಲಿಯೇ ಬಿಟ್ಟು ಅದರ ಚಿತ್ರವನ್ನು ಮಾತ್ರ ಸಂತೆಗೆ ಕಳುಹಿಸಿದರೆ ಹೇಗೆ? ಉಪಗ್ರಹದ ಮೂಲಕ ದೂರದರ್ಶನ ಪ್ರಸಾರವು ಸಾಧ್ಯವಾದ ಮೇಲೆ ಈ ಆಲೋಚನೆಗೆ ಕೈಕಾಲು ಬಂದವು. 1987ರಲ್ಲಿ ಸುಪೀರಿಯರ್ ಲೈವ್‌ಸ್ಟಾಕ್ ಆಕ್ಷನ್ ಎಂಬ ಸಂಸ್ಥೆಯು ಹುಟ್ಟಿ, ಟೆಕ್ಸಾಸಿನ ಫೋರ್ಟ್ ವರ್ತ್ ನಗರವನ್ನು ನೆಲೆಯಾಗಿ ಮಾಡಿಕೊಂಡು ಇಂತಹ ಹರಾಜನ್ನು ನಡೆಸತೊಡಗಿತು. ಕೊಳ್ಳುವವರು ತಮ್ಮ ಮನೆಯಲ್ಲಿ ಉಪಗ್ರಹದ ತಟ್ಟೆಯನ್ನು ನಿಲ್ಲಿಸಿಕೊಂಡು, ತೆರೆಯ ಮೇಲೆ ಮಂದೆಗಳನ್ನು ನೋಡುತ್ತ, ದೂರವಾಣಿಯಲ್ಲಿ ಸವಾಲು ಹೇಳುತ್ತಿದ್ದರು. ಮುಂದೆ ಕ್ಯಾಲಿಫೋರ್ನಿಯ, ಮೊಂಟಾನ ಮೊದಲಾದ ಕಡೆಗಳಲ್ಲಿಯೂ ಇಂತಹ ಸಂಸ್ಥೆಗಳು ತಲೆಯೆತ್ತಿದವು. ಅಂತರಜಾಲವು ಬಂದ ಮೇಲೆ ಗಣಕಯಂತ್ರದ ಗುಂಡಿಯನ್ನೊತ್ತಿ ಸವಾಲು ಹಾಕುವ ರೂಢಿಯೂ ಸೇರಿತು. ಅದೇ 1987ರಲ್ಲಿ ಆಸ್ಟ್ರೇಲಿಯದಲ್ಲಿಯೂ ಗಣಕಯಂತ್ರದ ಮೂಲಕ ದನ ಕುರಿಗಳನ್ನು ಮಾರುವ ವ್ಯವಸ್ಥೆಯೊಂದು ಆರಂಭವಾಯಿತು. ಈಗ ಅದರ ಹೆಸರು ಆಕ್ಷನ್ಸ್‌ಪ್ಲಸ್. ಅದರ ಆಧಾರ ಚಿತ್ರವಲ್ಲ, ಮಾತು. ತರಬೇತಿ ಪಡೆದ ಪರೀಕ್ಷಕನು ಹೊಲಕ್ಕೆ ಹೋಗಿ ನೋಡಿ ಬರೆದ ವರ್ಣನೆಯನ್ನು ಓದಿಯೇ ಜನ ಕೊಂಡರು.

ಅಮೆರಿಕದಲ್ಲಿಯೂ ಚಿತ್ರಕ್ಕಿಂತ ಬರಹಕ್ಕೆ ತೂಕ ಹೆಚ್ಚು ಎಂದರೆ ಆಶ್ಚರ್ಯವಾದೀತು. ಹರಾಜಿಗೆ ಕೆಲವು ವಾರ ಮೊದಲು ಸಂಸ್ಥೆಯ ಪ್ರತಿನಿಧಿಯು ರ‍್ಯಾಂಚಿಗೆ ಬರುತ್ತಾನೆ. ಇವನು ಸಾಮಾನ್ಯವಾಗಿ ಆ ಸೀಮೆಯವನೇ, ದನಗಳ ನಡುವೆಯೇ ಬೆಳೆದವನು. ಕರುಗಳನ್ನು ನಿಧಾನವಾಗಿ ನಡೆಸುತ್ತ ಕೆಲವು ನಿಮಿಷ ಚಿತ್ರ ತೆಗೆಯುತ್ತಾನೆ. ಚಿತ್ರವು ಸುಳ್ಳು ಹೇಳಲಾರದೆಂದು ತಿಳಿಯಬಾರದು. ಎತ್ತರದ ಹುಲ್ಲಿನಲ್ಲಿ ನಿಲ್ಲಿಸಿದರೆ ಕಾಲಿನ ಊನ ಕಾಣದು. ತಗ್ಗಿನಿಂದ ತೆಗೆದರೆ ಸಣ್ಣ ಕರುವೂ ದೊಡ್ಡದಾಗಿ ತೋರುತ್ತದೆ. ಚೆಲುವಾದ ಹತ್ತನ್ನು ಮುಂದಕ್ಕೆ ಬಿಟ್ಟು ಬಡಕಲಾದ ಐದನ್ನು ಹಿಂದಕ್ಕೆ ಉಳಿಸಬಹುದು. ಆದ್ದರಿಂದಲೇ ಚಿತ್ರದ ಜೊತೆಗೆ ಪಟ್ಟಿಯೊಂದು ಅಚ್ಚಾಗುತ್ತದೆ. ಎಷ್ಟು ಕರುಗಳು, ಹೋರಿಗರುಗಳೋ ಕಡಸುಗಳೋ, ತಳಿ ಆಂಗಸ್ ಎಂಬುದೋ ಹೆರೆಫರ್ಡ್ ಎಂಬುದೋ, ಎಲ್ಲವೂ ಒಂದೇ ಸಮನಾಗಿವೆಯೋ ಏರುಪೇರಾಗಿವೆಯೋ, ಮೈ ತುಂಬಿದೆಯೋ ತೆಳುವಾಗಿದೆಯೋ, ಕೊಂಬು ತೆಗೆಸಿದೆಯೇ, ಯಾವ ಯಾವ ಲಸಿಕೆಗಳನ್ನು ಎಂದು ಹಾಕಿಸಿದೆ, ಏನು ತಿಂದು ಬೆಳೆದಿವೆ, ಯಾವ ವಾರದಲ್ಲಿ ಒಪ್ಪಿಸುವುದು, ಯಾವ ತಕ್ಕಡಿಯಲ್ಲಿ ತೂಗುವುದು, ತೂಗುವ ಮುನ್ನ ಎಷ್ಟು ಮೈಲಿ ಸಾಗಿಸುವುದು: ಇಷ್ಟನ್ನೂ ಬರೆದು ಒಡೆಯನು ಒಪ್ಪಿ ರುಜು ಹಾಕಬೇಕು. ಜಾತ್ರೆಯಲ್ಲಿ ಕೊಳ್ಳುವವನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾರುವವನ ಮಾತು ಮಾಡಬೇಕಾಗಿದೆ. ಆ ಮಾತಿಗೆ ಜಾಮೀನು ನಿಂತವನು ಪ್ರತಿನಿಧಿ. ಒಂದು ಸಲ ಅವನ ವರ್ಣನೆ ಸುಳ್ಳಾಯಿತೆಂದರೆ ಮುಂದಿನ ವರ್ಷ ಅವನು ತಂದ ಮಂದೆಗಳಿಗೆ ಸವಾಲು ಹಾಕುವವರು ಹಿಂಜರಿಯುತ್ತಾರೆ.

ಹರಾಜಿನಲ್ಲಿ ಒಂದೊಂದು ಕರುವನ್ನು ಮಾರುವುದಿಲ್ಲ. ಲಾರಿಯ ಲೆಕ್ಕದಲ್ಲಿ ಮಾರುತ್ತಾರೆ. ಎರಡು ಅಂತಸ್ತಿನ ದೊಡ್ಡ ಲಾರಿಯಲ್ಲಿ ಸುಮಾರು 50,000 ಪೌಂಡು, ಎಂದರೆ ಇಪ್ಪತ್ತೆರಡು ಟನ್ನಿಗೂ ಹೆಚ್ಚು ತೂಕದ ದನ ಹಿಡಿಯುತ್ತದೆ. ತಲಾ 550 ಪೌಂಡಿನ ಕರುಗಳಾದರೆ ತೊಂಬತ್ತು. ಹರಾಜುಗಾರನು ನೂರು ಪೌಂಡಿಗೆ ಇಷ್ಟು ಡಾಲರ್ ಎಂದು ಕೂಗುತ್ತಾನೆ. ಎದುರಿಗೆ ಸಾಲಾಗಿ ಕುಳಿತ ಗುಮಾಸ್ತರು ದೂರವಾಣಿಯನ್ನು ಕಿವಿಗೊತ್ತಿಕೊಂಡು ತಮ್ಮ ತಮ್ಮ ಗಿರಾಕಿಗಳ ಪರವಾಗಿ ಕೈಯೆತ್ತುತ್ತಾರೆ. ನೆವಾಡದ ತಪ್ಪಲಿನಲ್ಲಿ ಮೇಯುವ ಕರುಗಳಿಗೆ ಕಾನ್ಸಾಸಿನವನೂ ಟೆಕ್ಸಾಸಿನವನೂ ಅಯೋವದವನೂ ಏಕಕಾಲಕ್ಕೆ ಪೈಪೋಟಿ ನಡೆಸುತ್ತಾರೆ. ಆದರೆ ಲಾರಿಯ ಬಾಡಿಗೆ ಕೊಂಡವನದು. ದೂರ ಹೆಚ್ಚಿದಷ್ಟೂ ಅವನು ಬೆಲೆಯನ್ನು ತಗ್ಗಿಸಿಯೇ ಹೇಳುತ್ತಾನೆ. ತೆರೆಯ ಮೇಲೆ ದೂರವು ಕಾಣದಿದ್ದರೂ ಲೆಕ್ಕದಲ್ಲಿ ಕಂಡೇ ಕಾಣುತ್ತದೆ.

ದನಗಳೇ ಇಲ್ಲದ ಈ ಸಂತೆಗೂ ಜನ ಸೇರುತ್ತಾರೆ. ಸುಪೀರಿಯರ್ ಸಂಸ್ಥೆಯು ನೆವಾಡದ ವಿನೆಮಕ್ಕ ಎಂಬ ಪಟ್ಟಣದಲ್ಲಿ ಬೇಸಿಗೆಯ ಹರಾಜನ್ನು ನಡೆಸಿದಾಗ ರ‍್ಯಾಂಚಿನವರು ಸಂಸಾರ ಸಮೇತರಾಗಿ ಬಂದು ಕುಳಿತದ್ದುಂಟು. ಮನೆಯಲ್ಲಿಯೇ ನೋಡಬಹುದಾಗಿದ್ದರೂ ತಮ್ಮ ಕರುಗಳ ಬೆಲೆಯನ್ನು ನೆರೆಯವರ ನಡುವೆ ಕುಳಿತು ಕೇಳಬೇಕೆಂಬ ಆಸೆ ಮನುಷ್ಯನಿಗೆ ಹೋಗುವುದಿಲ್ಲವೆಂದು ತೋರುತ್ತದೆ.

ಮಾರುವವನಿಗೆ ಈ ಏರ್ಪಾಡಿನಿಂದ ದೊರೆತ ದೊಡ್ಡ ಲಾಭವು ಹೆಚ್ಚಿನ ಬೆಲೆಯಲ್ಲ ಎಂಬುದು ನನ್ನ ಅಭಿಪ್ರಾಯ. ಬೆಲೆ ಏರಲೂಬಹುದು, ಇಳಿಯಲೂಬಹುದು. ಸವಾಲು ತನ್ನ ಮನಸ್ಸಿನ ಅಂಕಿಯನ್ನು ಮುಟ್ಟದಿದ್ದರೆ ಅವನು ‘ಕೊಡುವುದಿಲ್ಲ’ ಎನ್ನಬಹುದು. ಕರುಗಳು ಅಲುಗಿಲ್ಲ, ಇಳಿದಿಲ್ಲ, ಬೇನೆ ಹತ್ತಿಸಿಕೊಂಡಿಲ್ಲ. ನಾಳೆಯೂ ಅದೇ ಹುಲ್ಲನ್ನು ಮೇಯುತ್ತವೆ. ಷಿಕಾಗೊವಿನ ದೊಡ್ಡಿಯ ಮುಂದೆ ಅವನ ತಾತ ಕಳೆದುಕೊಂಡಿದ್ದ ಶಕ್ತಿ ಇದೇ. ನಮ್ಮ ಕರ್ನಾಟಕದಲ್ಲಿಯೂ 2014ರಿಂದ ಕೃಷಿ ಮಾರುಕಟ್ಟೆಗಳನ್ನು ಗಣಕಜಾಲದಲ್ಲಿ ಒಂದುಗೂಡಿಸುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯು ಜಾರಿಗೆ ಬಂದು, ವರ್ತಕರು ಗಣಕಯಂತ್ರದಲ್ಲಿಯೇ ಟೆಂಡರು ಹಾಕುತ್ತಿದ್ದಾರೆ. ಆದರೆ ಸಾಮಾನ್ಯವಾಗಿ ಇಲ್ಲಿ ರೈತನ ಮಾಲು ಅಷ್ಟರಲ್ಲಿ ಮಾರುಕಟ್ಟೆಯ ಪ್ರಾಂಗಣಕ್ಕೆ ಬಂದು ಇಳಿದಿರುತ್ತದೆ. ಬೆಲೆ ಒಪ್ಪದಿದ್ದರೆ ಹಿಂದಕ್ಕೆ ಒಯ್ಯುವ ಹಕ್ಕು ಅವನಿಗುಂಟು. ಗಾಡಿಯ ಬಾಡಿಗೆಯೂ ಅವನ ತಲೆಯ ಮೇಲೆಯೇ ಉಂಟು. ಯಂತ್ರ ಒಂದೇ ಬಗೆಯದಾದರೂ ಮಾಲು ಎಲ್ಲಿ ನಿಂತಿದೆ ಎಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ.

ಹಣದ ಭದ್ರತೆಗೆ ಹಳೆಯ ಕಾನೂನೇ ಆಧಾರ. ಮಾಂಸದ ವ್ಯಾಪಾರವನ್ನು ಹಿಡಿದಿದ್ದ ಕೆಲವೇ ಕಂಪನಿಗಳ ಹಿಡಿತವನ್ನು ಸಡಿಲಿಸಲೆಂದು ಅಮೆರಿಕದ ಶಾಸನಸಭೆಯು 1921ರಲ್ಲಿ ‘ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್’ ಎಂಬ ಕಾಯಿದೆಯನ್ನು ಮಾಡಿತು. 1976ರಲ್ಲಿ ಅದನ್ನು ತಿದ್ದಿ, ದನ ಕೈಸೇರಿದ ಮರುದಿನದ ವ್ಯವಹಾರದ ವೇಳೆ ಮುಗಿಯುವುದರೊಳಗೆ ಹಣ ಸಲ್ಲಿಸಬೇಕೆಂದು ವಿಧಿಸಲಾಯಿತು. ಪರರ ದನವನ್ನು ದಲ್ಲಾಳಿ ಹಣಕ್ಕಾಗಿ ಮಾರಿಕೊಡುವ ಸಂಸ್ಥೆಯು ನೋಂದಣಿ ಮಾಡಿಸಿ, ಭದ್ರತೆಯ ಬಾಂಡನ್ನು ಇಟ್ಟು, ಮಾರಿದ ಹಣವನ್ನು ಬೇರೆಯೇ ಖಾತೆಯಲ್ಲಿ ಇರಿಸಬೇಕು.

ಹರಾಜಿನ ದಿನಕ್ಕೂ ಕರುಗಳು ಹೊರಡುವ ದಿನಕ್ಕೂ ನಡುವೆ ಹಲವು ವಾರಗಳು, ಎಷ್ಟೋ ಸಲ ಎರಡು ಮೂರು ತಿಂಗಳೇ ಇರುತ್ತವೆ. ಜುಲೈಯಲ್ಲಿ ಮಾರಿದವನು ಅಕ್ಟೋಬರಿನಲ್ಲಿ ಒಪ್ಪಿಸುತ್ತಾನೆ. ಅಷ್ಟರೊಳಗೆ ಪೇಟೆಯ ಬೆಲೆ ಏರಿದರೆ ಮಾರಿದವನ ಹೊಟ್ಟೆ ಉರಿಯುತ್ತದೆ, ಇಳಿದರೆ ಕೊಂಡವನದು. ಇಬ್ಬರೂ ಮಾತಿಗೆ ಕಟ್ಟುಬಿದ್ದವರು.

ಇನ್ನು ಇಪ್ಪತ್ತು ಕರುಗಳಷ್ಟೇ ಇರುವ ಸಣ್ಣ ಒಕ್ಕಲಿನ ಪಾಡೇನು? ಅವನಿಂದ ಲಾರಿ ತುಂಬದು. ನೆರೆಯವನ ಕರುಗಳೊಡನೆ ಕೂಡಿಸಿ ಮಾರೋಣವೆಂದರೆ ಬಣ್ಣ, ತೂಕ, ತಳಿ ಹೊಂದಬೇಕು. ಹೊಂದದ ಮಂದೆಗೆ ಸವಾಲು ಏರುವುದಿಲ್ಲ. ಅವನಿಗೆ ಊರ ಬಳಿಯ ಹರಾಜಿನ ಕೊಟ್ಟಿಗೆಯೇ ಗತಿ. ಆದರೆ ದೊಡ್ಡ ಹಿಡುವಳಿಗಳ ಒಳ್ಳೆಯ ಕರುಗಳು ತೆರೆಯ ಮೇಲಕ್ಕೆ ಹೋದಷ್ಟೂ ಕೊಟ್ಟಿಗೆಗೆ ಬರುವ ವರ್ತಕರು ಕಡಿಮೆಯಾಗುತ್ತಾರೆ. ವರ್ತಕರು ಕಡಿಮೆಯಾದಷ್ಟೂ ಉಳಿದವರ ಬೆಲೆ ಸೊರಗುತ್ತದೆ. ಅಂತಹ ಕೊಟ್ಟಿಗೆಗಳು ಬರಿಯ ಮಾರುವ ಸ್ಥಳಗಳಲ್ಲ. ಅಲ್ಲಿಯ ಸಣ್ಣ ಉಪಾಹಾರ ಗೃಹದಲ್ಲಿ ಕುಳಿತು ಮಳೆಯ ಸುದ್ದಿ, ಸಾವಿನ ಸುದ್ದಿ, ಮದುವೆಯ ಸುದ್ದಿಗಳನ್ನು ಹಂಚಿಕೊಳ್ಳಲು ವಾರಕ್ಕೊಮ್ಮೆ ಮೂವತ್ತು ಮೈಲಿ ಬರುವ ಮುದುಕರುಂಟು. ಅವರ ಬಳಿ ಮಾರಲು ಒಂದು ಕರುವೂ ಇರುವುದಿಲ್ಲ. 2020ರಲ್ಲಿ ಕೊರೋನ ಸಾಂಕ್ರಾಮಿಕವು ಹರಡಿದಾಗ ಅನೇಕ ಕೊಟ್ಟಿಗೆಗಳು ಕೊಳ್ಳುವವರ ಹೊರತು ಉಳಿದವರನ್ನು ಒಳಗೆ ಬಿಡಲಿಲ್ಲ. ಅಂತರಜಾಲದಲ್ಲಿ ತಮ್ಮ ಹರಾಜನ್ನು ತೋರಿಸಿ ದೂರದವರ ಸವಾಲನ್ನೂ ತೆಗೆದುಕೊಂಡವು. ಹೀಗೆ ಪ್ರತಿಸ್ಪರ್ಧಿಯ ಉಪಕರಣವನ್ನು ತಾವೂ ಕೈಗೆತ್ತಿಕೊಂಡು ಬಾಳುತ್ತಿರುವ ಕೊಟ್ಟಿಗೆಗಳು ಇಂದಿಗೂ ಇವೆ.

ಇನ್ನೊಂದು ಮಾತನ್ನೂ ಮರೆಯಬಾರದು. ಎಷ್ಟೇ ಜನ ಸವಾಲು ಕೂಗಲಿ, ಕೊಬ್ಬಿಸಿದ ದನಗಳು ಕೊನೆಗೆ ಸೇರುವುದು ದೊಡ್ಡ ಮಾಂಸದ ಕಂಪನಿಗಳನ್ನು. ಕೊಬ್ಬಿಸಿದ ದನಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾದುದನ್ನು ಕೊಳ್ಳುವವು ನಾಲ್ಕೇ ಕಂಪನಿಗಳು. 1921ರ ಚಿಂತೆಯು ನೂರು ವರ್ಷಗಳ ನಂತರವೂ ತೀರಿಲ್ಲ. ತೆರೆಯ ಮೇಲಿನ ಹರಾಜು ಅದನ್ನು ತೀರಿಸಲಾರದು.

ಅಕ್ಟೋಬರಿನಲ್ಲಿ ಕರುಗಳನ್ನು ಒಪ್ಪಿಸುವ ದಿನ ಬರುತ್ತದೆ. ಕತ್ತಲಿರುವಾಗಲೇ ಕುದುರೆಯೇರಿ ಮಂದೆಯನ್ನು ಕೂಡಿಸುತ್ತಾರೆ. ಕರುಗಳನ್ನು ತಾಯಿಯಿಂದ ಬೇರ್ಪಡಿಸಿ, ಹೋರಿಗರು ಕಡಸುಗಳನ್ನು ವಿಂಗಡಿಸುತ್ತಾರೆ. ಪಶ್ಚಿಮದ ಅನೇಕ ರಾಜ್ಯಗಳಲ್ಲಿ ದನದ ಮೈಮೇಲೆ ಒಡೆಯನ ಮುದ್ರೆಯನ್ನು ಸುಟ್ಟು ಹಾಕಿರುತ್ತಾರೆ. ಸರ್ಕಾರದ ತನಿಖೆಗಾರನು ಬಂದು, ಆ ಮುದ್ರೆಯನ್ನು ನೋಡಿ, ಮಾರುತ್ತಿರುವವನೇ ಒಡೆಯನೆಂದು ಬರೆದುಕೊಟ್ಟ ಹೊರತು ದನವು ಸಾಗುವಂತಿಲ್ಲ. ಕೊಂಡವನೋ ಅವನ ಕಡೆಯವನೋ ಕರುಗಳನ್ನು ಮೊದಲ ಬಾರಿಗೆ ಕಣ್ಣಾರೆ ಕಾಣುವುದು ಅಂದೇ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ನೋಡುತ್ತಾನೆ. ಹೇಳಿದ್ದಕ್ಕೂ ಇರುವುದಕ್ಕೂ ತಾಳೆಯಾಗದ ಕರುವನ್ನು ಬೇಡವೆನ್ನಲು ಅವನಿಗೆ ಹಕ್ಕಿದೆ. ಜಗಳ ಎದ್ದರೆ ಪ್ರತಿನಿಧಿಯೇ ನಡುವೆ ನಿಂತು ಪರಿಹರಿಸಬೇಕು.

ಆಮೇಲೆ ತೂಕ. ಬೆಳಗಿನ ಹೊತ್ತು ನೀರು ಹುಲ್ಲುಗಳಿಂದ ಹೊಟ್ಟೆ ತುಂಬಿದ ಕರುವನ್ನು ಹಾಗೆಯೇ ತೂಗಿದರೆ ಕೊಂಡವನು ನೀರಿಗೂ ಬೆಲೆ ತೆತ್ತಂತಾಗುತ್ತದೆ. ಅದಕ್ಕಾಗಿ ಒಪ್ಪಂದದಂತೆ ನೂರಕ್ಕೆ ಎರಡು ಅಥವಾ ಮೂರು ಪಾಲನ್ನು ಕಳೆಯುತ್ತಾರೆ; ಕಾಗದದ ಮೇಲೆ ಆಗುವ ಈ ಕಳೆತಕ್ಕೆ ಅಲ್ಲಿಯವರು ‘ಪೆನ್ಸಿಲ್ ಕಡಿತ’ ಎನ್ನುತ್ತಾರೆ. ತಕ್ಕಡಿಯಲ್ಲಿ 600 ಪೌಂಡು ತೂಗಿದ ಕರು, ನೂರಕ್ಕೆ ಎರಡರಂತೆ ಕಳೆದರೆ, ಲೆಕ್ಕದಲ್ಲಿ 588 ಪೌಂಡಾಗುತ್ತದೆ. ಇದರ ಮೇಲೆ ಮತ್ತೊಂದು ನಿಯಮವಿದೆ. ಹಗುರವಾದ ಕರುವಿಗೆ ಪೌಂಡೊಂದಕ್ಕೆ ಬೆಲೆ ಹೆಚ್ಚು; ತೂಕವೇರಿದಂತೆ ಅದು ಇಳಿಯುತ್ತದೆ. ಮೂರು ತಿಂಗಳ ಮುಂಚೆ ಹೇಳಿದ ತೂಕಕ್ಕಿಂತ ಕರುಗಳು ಭಾರವಾಗಿ ಬಂದರೆ ಬೆಲೆಯೂ ಮೆಟ್ಟಿಲಿಳಿಯುವಂತೆ ಮೊದಲೇ ಗೊತ್ತುಮಾಡಿರುತ್ತಾರೆ. ಹೇಳಿದ ತೂಕ 550 ಪೌಂಡು, ಬೆಲೆ ನೂರು ಪೌಂಡಿಗೆ 250 ಡಾಲರ್, ಹೆಚ್ಚಾದ ಪೌಂಡಿಗೆ ಹತ್ತು ಸೆಂಟಿನಂತೆ ಇಳಿಕೆ ಎಂದು ಭಾವಿಸೋಣ. ಕಡಿತ ಕಳೆದು ಸರಾಸರಿ 580 ಪೌಂಡು ಬಂದರೆ ಮೂವತ್ತು ಪೌಂಡು ಹೆಚ್ಚು. ಬೆಲೆ ಮೂರು ಡಾಲರ್ ಇಳಿದು 247 ಆಗುತ್ತದೆ. ಕರುವೊಂದಕ್ಕೆ 1,432 ಡಾಲರ್ 60 ಸೆಂಟು. ಇಳಿಕೆಯ ನಿಯಮವಿಲ್ಲದಿದ್ದರೆ 1,450 ಡಾಲರ್ ಸಿಗುತ್ತಿತ್ತು. ಚೆನ್ನಾಗಿ ಮಳೆಯಾಗಿ ಕರುಗಳು ಬೆಳೆದರೆ ಒಡೆಯನಿಗೆ ನಷ್ಟವಿಲ್ಲ, 550 ಪೌಂಡಿಗೆ ಬರುತ್ತಿದ್ದ 1,375 ಡಾಲರಿಗಿಂತ ಅವನಿಗೆ ಹೆಚ್ಚೇ ಬಂದಿತು. ಆದರೆ ಬೇಕೆಂದೇ ತೂಕವನ್ನು ತಗ್ಗಿಸಿ ಹೇಳಿ ಹೆಚ್ಚಿನ ಸವಾಲನ್ನು ಗಿಟ್ಟಿಸುವ ಆಸೆಗೆ ಈ ನಿಯಮವು ಕಡಿವಾಣವಾಯಿತು.

ಲೆಕ್ಕ ಮುಗಿದು ಇಬ್ಬರೂ ಕೈ ಕುಲುಕುತ್ತಾರೆ. ಲಾರಿಗಳ ಹಿಂಬಾಗಿಲು ಮುಚ್ಚುತ್ತದೆ. ಧೂಳೆಬ್ಬಿಸುತ್ತ ಅವು ಹೆದ್ದಾರಿಯ ಕಡೆಗೆ ಹೊರಡುತ್ತವೆ. ಬೇಲಿಯ ಬಳಿಗೆ ಬಂದು ನಿಂತ ತಾಯಿಹಸುಗಳು ಎರಡು ಮೂರು ದಿನ ಹಗಲಿರುಳೆನ್ನದೆ ಕೂಗುತ್ತವೆ. ಆ ರಾತ್ರಿಗಳಲ್ಲಿ ರ‍್ಯಾಂಚಿನ ಮನೆಯವರಿಗೆ ನಿದ್ರೆ ಬರುವುದು ಕಷ್ಟ.